ಪಿಯುಸಿ ಮುಗಿಸಿ ಆಫೀಸ್ ಅಪ್ರೆಂಟಿಸ್ ಆಗುವವರಿಗೆ: ಮೊದಲು ಕರಾರು, ಆಮೇಲೆ ಕೆಲಸ

"ಎಂಟು ತಿಂಗಳು ಅಪ್ರೆಂಟಿಸ್ ಮಾಡೀನ್ರೀ, ಸರ್ಟಿಫಿಕೇಟ್ ಕೊಡವಲ್ಲರು." ಪಿಯುಸಿ ಕಾಮರ್ಸ್ ಮುಗಿಸಿದ ಹುಡುಗರು, ಹುಡುಗಿಯರು ನನ್ನ ಹತ್ತಿರ ಬಂದು ಹೆಚ್ಚಾಗಿ ಹೇಳುವ ಮಾತು ಇದೇ. ಕರಾರಿನ (ತರಬೇತಿಯ ಒಪ್ಪಂದದ) ನಂಬರ್ ಎಷ್ಟು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಅವರ ಹೆಸರೇ ಇರುವುದಿಲ್ಲ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಕೆಲಸಕ್ಕೆ ಮೊದಲು ಸೇರುತ್ತಾರೆ, ಕಾಗದ ಆಮೇಲೆ ನೋಡೋಣ ಅಂದುಕೊಳ್ಳುತ್ತಾರೆ.

ನನಗೂ ಹಾಗೇ ಆಗಿತ್ತು. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಹುಬ್ಬಳ್ಳಿಗೆ ಬಂದು ಒಂದು ಸಗಟು ಅಂಗಡಿ ಸೇರಿದೆ. "ನಾಳಿಂದ ಬಾರಪಾ, ಎಲ್ಲಾ ಕಲಸ್ತೀವಿ" ಅಂದರು. ನಾಲ್ಕು ತಿಂಗಳು ಜೆರಾಕ್ಸ್ ತಂದೆ, ಬಾಕ್ಸ್ ಎಣಿಸಿದೆ. ಲೆಕ್ಕದ ಕಂಪ್ಯೂಟರ್ ಮುಟ್ಟಲಿಲ್ಲ. ಬಿಟ್ಟು ಬಂದ ದಿನ ನಾನು ಅಲ್ಲಿ ಇದ್ದೆ ಅನ್ನಲು ಒಂದು ಚೀಟಿಯೂ ಇರಲಿಲ್ಲ. ಎರಡನೇ ಸಲ ಕ್ರಮವಾಗಿ ಸೇರಿದೆ. ಈಗ ಅಕೌಂಟ್ಸ್ ಟೇಬಲ್‌ನಲ್ಲಿ ಕೂತು ಹೊಸಬರಿಗೆ ಕೆಲಸ ಹೇಳಿಕೊಡುತ್ತೇನೆ. ಈ ಕ್ರಮವನ್ನು ಅದೇ ಅನುಭವದಿಂದ ಬರೆಯುತ್ತಿದ್ದೇನೆ.

ಇದು ಅಕೌಂಟ್ಸ್, ಬಿಲ್ಲಿಂಗ್, ಸ್ಟೋರ್, ಸೇಲ್ಸ್ ಥರದ ವ್ಯಾಪಾರದ ಕೆಲಸಕ್ಕೆ ಸೇರುವವರಿಗೆ. ರೈಲ್ವೆ ವರ್ಕ್‌ಶಾಪಿನ ಅಪ್ರೆಂಟಿಸ್ ಬೇರೆ ದಾರಿ, ಅದಕ್ಕೆ ಸಾಮಾನ್ಯವಾಗಿ ಐಟಿಐ ಬೇಕು. ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ ನ್ಯಾಟ್ಸ್ ಎನ್ನುವ ಇನ್ನೊಂದು ಯೋಜನೆ ಇದೆ. ಎರಡನ್ನೂ ಇಲ್ಲಿ ಬೆರೆಸುವುದಿಲ್ಲ.

## ಹಂತ 1: ಹೆಸರು, ಆಧಾರ್, ಬ್ಯಾಂಕ್ ಖಾತೆ ಸರಿ ಮಾಡಿಕೊಳ್ಳಿ

ಬೇಕಾದದ್ದು ಇಷ್ಟು: ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಒಂದು ಇಮೇಲ್, ಫೋಟೊ. ಇಮೇಲ್ ನಿಮ್ಮದೇ ಆಗಿರಲಿ. ಸೈಬರ್ ಕೆಫೆಯವರು ಮಾಡಿಕೊಟ್ಟ ಇಮೇಲ್‌ನ ಪಾಸ್‌ವರ್ಡ್ ಆರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ನಮ್ಮ ಕಡೆಯವರಿಗೆ ಮೊದಲ ಅಡ್ಡಿ ಹೆಸರು. ಅಂಕಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಆಧಾರ್‌ನಲ್ಲಿ ಬರೀ ಹೆಸರು ಮತ್ತು ಅಡ್ಡಹೆಸರು. ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಮುಂದೆ ಬಂದಿರುತ್ತದೆ. ಅಂಕಪಟ್ಟಿ ತಿದ್ದಿಸುವುದು ಕಷ್ಟ, ಆದ್ದರಿಂದ ಅದನ್ನೇ ಅಳತೆಗೋಲು ಮಾಡಿಕೊಂಡು ಆಧಾರ್ ಮತ್ತು ಬ್ಯಾಂಕ್ ಹೆಸರನ್ನು ಹೊಂದಿಸಿ. ತಿದ್ದುಪಡಿಗೆ ದಿನ ಹಿಡಿಯುತ್ತದೆ. ಫಲಿತಾಂಶಕ್ಕೆ ಕಾಯುವ ವಾರಗಳಲ್ಲೇ ಮುಗಿಸಿಬಿಡಿ.

ಎರಡನೇ ಅಡ್ಡಿ ಬ್ಯಾಂಕ್. ಖಾತೆಗೆ ಆಧಾರ್ ನಂಬರ್ ಕೊಟ್ಟಿರುವುದು ಒಂದು. ಸರ್ಕಾರದ ನೇರ ಪಾವತಿ (ಡಿಬಿಟಿ) ಆ ಖಾತೆಗೇ ಬರುವಂತೆ ಆಧಾರ್ ಮ್ಯಾಪ್ ಆಗಿರುವುದು ಇನ್ನೊಂದು. ನಿಮಗೆ ಎರಡು ಖಾತೆ ಇದ್ದರೆ, ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆ ತೆರೆದ ಹಳೆಯ ಖಾತೆಗೇ ಮ್ಯಾಪ್ ಆಗಿರಬಹುದು. ಬ್ಯಾಂಕಿನಲ್ಲಿ "ಡಿಬಿಟಿಗೆ ಯಾವ ಖಾತೆ ಜೋಡಣೆ ಆಗೇತ್ರೀ" ಎಂದೇ ಕೇಳಿ. "ಆಧಾರ್ ಲಿಂಕ್ ಆಗೇತೇನ್ರೀ" ಎಂದು ಕೇಳಿದರೆ ಹೌದು ಅಂತಾರೆ, ನೀವು ವಾಪಸ್ ಬರುತ್ತೀರಿ, ದುಡ್ಡು ಮಾತ್ರ ಹಳೆಯ ಖಾತೆಗೆ ಹೋಗುತ್ತದೆ.

## ಹಂತ 2: ಪೋರ್ಟಲ್‌ನಲ್ಲಿ ನೀವೇ ನೋಂದಾಯಿಸಿ

ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ಗೆ ಹೋಗಿ ಅಭ್ಯರ್ಥಿ ಎಂದು ನೋಂದಾಯಿಸಿ. ದುಡ್ಡು ಕಟ್ಟುವುದೇನೂ ಇಲ್ಲ. ಆಧಾರ್ ಒಟಿಪಿ ಬರುತ್ತದೆ, ವಿದ್ಯಾರ್ಹತೆ ತುಂಬಿ, ಬ್ಯಾಂಕ್ ವಿವರ ಹಾಕಿ. ಪ್ರೊಫೈಲ್ ಅರ್ಧಕ್ಕೆ ಬಿಟ್ಟರೆ ಕಂಪನಿಯವರಿಗೆ ನಿಮ್ಮನ್ನು ಸೇರಿಸಿಕೊಳ್ಳಲು ಆಗುವುದಿಲ್ಲ, ಅದಕ್ಕೇ ಪೂರ್ತಿ ಮಾಡಿ ಎದ್ದೇಳಿ. ನೋಂದಣಿ ನಂಬರನ್ನು ಒಂದು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ. ಆ ನೋಟ್‌ಬುಕ್ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

## ಹಂತ 3: ಜಾಗ ಹುಡುಕಿ

ಪೋರ್ಟಲ್‌ನಲ್ಲಿ ಧಾರವಾಡ, ಗದಗ, ಹಾವೇರಿ ಜಿಲ್ಲೆ ಹಾಕಿ ಹುಡುಕಿ. ಅಷ್ಟಕ್ಕೇ ನಿಲ್ಲಬೇಡಿ. ಗೋಕುಲ ರೋಡ್, ತಾರಿಹಾಳ, ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಕಂಪನಿಗಳಲ್ಲಿ ಎಚ್‌ಆರ್ ಆಫೀಸಿಗೆ ಹೋಗಿ ನೇರವಾಗಿ ಕೇಳಿ. ವಾಹನದ ಶೋರೂಮು, ದೊಡ್ಡ ಬಟ್ಟೆ ಅಂಗಡಿ, ಔಷಧಿ ಡಿಸ್ಟ್ರಿಬ್ಯೂಟರ್ ಇವರಿಗೂ ಬಿಲ್ಲಿಂಗ್ ಮತ್ತು ಸ್ಟೋರಿಗೆ ಜನ ಬೇಕಾಗುತ್ತದೆ.

ಹೋಗುವ ಮೊದಲು ಒಂದು ಲೆಕ್ಕ ತಿಳಿದಿರಲಿ. 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಒಟ್ಟು ಜನರಲ್ಲಿ 2.5ರಿಂದ 15 ಪರ್ಸೆಂಟ್ ತನಕ. 4ರಿಂದ 29 ಜನ ಇದ್ದರೆ ಅದು ಅವರ ಇಷ್ಟ. ಮೂರೇ ಜನರಿರುವ ದುರ್ಗದ ಬೈಲಿನ ಅಂಗಡಿಯವರು "ಅಪ್ರೆಂಟಿಸ್ ಅಂತ ಇಟ್ಕೋತೀವಿ" ಅಂದರೆ, ಅವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಅಪ್ರೆಂಟಿಸ್ ಕಾಯ್ದೆಯ ಕರಾರು ಅಲ್ಲಿ ಆಗುವುದಿಲ್ಲ. ಅಮರಗೋಳದ ಎಪಿಎಂಸಿಯಲ್ಲಿ, ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಎಷ್ಟೋ ದಲಾಲಿ ಅಂಗಡಿಗಳು ಹೀಗೇ ಸಣ್ಣವು. ಅಲ್ಲಿ ವ್ಯಾಪಾರ ಚೆನ್ನಾಗಿ ಕಲಿಯಬಹುದು. ಸರ್ಟಿಫಿಕೇಟ್ ಬೇಕು ಅನ್ನುವವರು ಬೇರೆ ಕಡೆ ನೋಡಬೇಕು.

ಆರು ತಿಂಗಳದ್ದು, ಒಂದು ವರ್ಷದ್ದು ಎರಡೂ ಸಿಕ್ಕರೆ ವರ್ಷದ್ದನ್ನೇ ಹಿಡಿಯಿರಿ. ಅಂಗಡಿಯಲ್ಲಿ ದೀಪಾವಳಿ ಪಾಡ್ಯಕ್ಕೆ ಕಿರ್ದಿ ಪುಸ್ತಕದ ಪೂಜೆ ಆಗುತ್ತದೆ, ಆದರೆ ಲೆಕ್ಕದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಹಬ್ಬದ ಮಾರಾಟವನ್ನೂ ಮಾರ್ಚ್ ಕೊನೆಯ ಲೆಕ್ಕ ಮುಗಿಸುವುದನ್ನೂ ಒಂದೇ ಟೇಬಲ್‌ನಲ್ಲಿ ಕೂತು ನೋಡಿದವರಿಗೆ ಕೆಲಸ ಅರ್ಥವಾಗುತ್ತದೆ. ಜುಲೈಯಲ್ಲಿ ಸೇರಿ ಡಿಸೆಂಬರ್‌ಗೆ ಬಿಟ್ಟರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ.

ಓಡಾಟದ ಖರ್ಚನ್ನೂ ಈಗಲೇ ಹಾಕಿ. ಧಾರವಾಡ ಹುಬ್ಬಳ್ಳಿ ನಡುವೆ ಚಿಗರಿ ಬಸ್ ಇದೆ, ಚಿಂತೆ ಇಲ್ಲ. ಗದಗ, ಹಾವೇರಿಯಿಂದ ದಿನಾ ಬರುವವರು ರೈಲು ತಪ್ಪಿದ ದಿನ ಏನು ಮಾಡುತ್ತೀರಿ ಎಂದು ಯೋಚಿಸಿ. ರೂಮು ಮಾಡುವುದಾದರೆ ಬಾಡಿಗೆ, ಖಾನಾವಳಿ, ಬಸ್ ಪಾಸ್ ಮೂರನ್ನೂ ಕೂಡಿಸಿ ಸ್ಟೈಪೆಂಡಿನ (ಕಲಿಯುವಾಗ ತಿಂಗಳಿಗೆ ಸಿಗುವ ಭತ್ಯೆಯ) ಎದುರು ಇಟ್ಟು ನೋಡಿ. ಮನೆಯಲ್ಲಿ ಅಪ್ಪ ಅವ್ವನ ಮುಂದೆ ಆ ಲೆಕ್ಕ ಹಾಕಿ. ಮೂರನೇ ತಿಂಗಳಿಗೆ ದುಡ್ಡು ಸಾಲದೆ ಬಿಟ್ಟು ಹೋದವರು ಬಹಳ ಜನ.

## ಹಂತ 4: ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಸಂಕೋಚ ಬೇಡ, ಮರ್ಯಾದೆಯಿಂದ ಕೇಳಿ. "ಸರ್, ಯಾವ ಟ್ರೇಡಿಗೆ ಕರಾರು ಮಾಡ್ತೀರಿ? ಎಷ್ಟು ತಿಂಗಳು? ನನಗ ಯಾರು ಕಲಸ್ತಾರ್ರೀ? ಕೊನೆಗೆ ಪರೀಕ್ಷೆ, ಸರ್ಟಿಫಿಕೇಟ್ ಯಾರಿಂದ ಬರತೈತ್ರಿ?" ಟ್ರೇಡ್ ಅಂದರೆ ನೀವು ಕಲಿಯುವ ಕೆಲಸದ ವಿಭಾಗ. ಈ ನಾಲ್ಕಕ್ಕೂ ಉತ್ತರ ಇರುವ ಆಫೀಸು ಒಳ್ಳೆಯದು.

ಈ ಕೆಳಗಿನ ಯಾವುದೇ ಮಾತು ಕಿವಿಗೆ ಬಿದ್ದರೆ ಎಚ್ಚರ.

ಡಿಪಾಸಿಟ್ ಕಟ್ಟು ಅನ್ನುವುದು. ಒರಿಜಿನಲ್ ಅಂಕಪಟ್ಟಿ ನಮ್ಮ ಹತ್ತಿರ ಇರಲಿ ಅನ್ನುವುದು. ಇವೆರಡಕ್ಕೂ ಒಪ್ಪಬೇಡಿ. ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ತೆಗೆದುಕೊಳ್ಳಿ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. "ನಿನ್ನ ಪ್ಯಾನ್, ಆಧಾರ್ ಕೊಡು, ಒಂದು ಸಣ್ಣ ಫರ್ಮ್ ತೆಗಿಯೋದೈತಿ" ಎಂದು ಕೇಳುವವರು ಇದ್ದಾರೆ. ನಿಮ್ಮ ಹೆಸರಿನಲ್ಲಿ ಜಿಎಸ್‌ಟಿ ನಂಬರ್ ತೆಗೆದು ಬಿಲ್ ಬರೆದರೆ, ನಾಳೆ ತೆರಿಗೆ ನೋಟಿಸ್ ನಿಮ್ಮ ಹಳ್ಳಿಯ ಮನೆಗೆ ಬರುತ್ತದೆ. ನಿಮ್ಮ ಹೆಸರಿನ ಕರೆಂಟ್ ಅಕೌಂಟ್, ಸಹಿ ಮಾಡಿದ ಖಾಲಿ ಚೆಕ್, ನಿಮ್ಮ ಮೊಬೈಲಿಗೆ ಬಂದ ಒಟಿಪಿ, ಯಾವುದನ್ನೂ ಯಾರಿಗೂ ಕೊಡಬೇಡಿ. ಸಾವ್ಕಾರ್ರು ಎಷ್ಟೇ ಒಳ್ಳೆಯವರಾಗಿದ್ದರೂ ಸರಿ. ಪೋರ್ಟಲ್‌ನ ಒಟಿಪಿಯನ್ನು ನೀವೇ ಕೂತು, ನೋಡಿಕೊಂಡು ಹಾಕಿ.

## ಹಂತ 5: ಕರಾರು ಓದಿ, ಆಮೇಲೆ ಒಪ್ಪಿ

ಎಲ್ಲರೂ ಹಾರಿಸುವ ಹಂತ ಇದು. ಕಂಪನಿಯವರು ಪೋರ್ಟಲ್‌ನಿಂದ ಆಫರ್ ಕಳಿಸುತ್ತಾರೆ. ನೀವು ಒಪ್ಪಿದ ಮೇಲೆ ಕರಾರು ತಯಾರಾಗುತ್ತದೆ. 18 ವರ್ಷ ತುಂಬದವರ ಪರವಾಗಿ ಪೋಷಕರು ಸಹಿ ಮಾಡಬೇಕು. ಕರಾರಿನಲ್ಲಿ ನೋಡಬೇಕಾದದ್ದು: ಶುರುವಾಗುವ ಮತ್ತು ಮುಗಿಯುವ ತಾರೀಖು, ಟ್ರೇಡಿನ ಹೆಸರು, ಸ್ಟೈಪೆಂಡ್, ಕೆಲಸದ ಜಾಗ. ಅಕೌಂಟ್ಸ್ ಎಂದು ಹೇಳಿ ಕರಾರಿನಲ್ಲಿ ಪ್ಯಾಕಿಂಗ್ ಟ್ರೇಡ್ ಇದ್ದರೆ ಅಲ್ಲೇ ಕೇಳಿ. ಆಮೇಲೆ ಬದಲಾಯಿಸುವುದು ಕಷ್ಟ.

ಸ್ಟೈಪೆಂಡ್ ಲೆಕ್ಕ ಹೀಗೆ. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ ಕನಿಷ್ಠ ಮೊತ್ತ 10ನೇ ತರಗತಿ ಪಾಸಾದವರಿಗೆ ತಿಂಗಳಿಗೆ 6,000 ರೂಪಾಯಿ, 12ನೇ ತರಗತಿ ಪಾಸಾದವರಿಗೆ 7,000 ರೂಪಾಯಿ. 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಮಂಡಳಿ ಇದನ್ನು 36 ಪರ್ಸೆಂಟ್ ಹೆಚ್ಚಿಸಲು ಶಿಫಾರಸು ಮಾಡಿತು. ಆದ್ದರಿಂದ ನೀವು ಸಹಿ ಮಾಡುವ ದಿನ ಜಾರಿಯಲ್ಲಿರುವ ಮೊತ್ತವನ್ನು ಪೋರ್ಟಲ್‌ನಲ್ಲೇ ನೋಡಿ. ಇದು ಕನಿಷ್ಠ, ಕಂಪನಿ ಜಾಸ್ತಿ ಕೊಡಬಹುದು.

ಎರಡು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ನೀವು ಕಲಿಯುವವರು, ನೌಕರರಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂಬ ಕಟ್ಟುಪಾಡು, ಕರಾರಿನಲ್ಲಿ ಬರೆದಿದ್ದರೆ ಹೊರತು, ಕಂಪನಿಗೆ ಇಲ್ಲ. "ಪರ್ಮನೆಂಟ್ ಮಾಡ್ತೀವಿ" ಎಂಬ ಬಾಯಿಮಾತಿನ ಮೇಲೆ ಬೈಕಿನ ಸಾಲ ಮಾಡಬೇಡಿ. ಇನ್ನೊಂದು, ಕರಾರನ್ನು ನಡುವೆ ಮುರಿದರೆ ಇಬ್ಬರಿಗೂ ಹೊಣೆ ಬರುತ್ತದೆ. ತಪ್ಪು ಕಂಪನಿಯದಾದರೆ ಅವರು ನಿಮಗೆ ಪರಿಹಾರ ಕೊಡಬೇಕು. ತಪ್ಪು ನಿಮ್ಮದಾದರೆ ತರಬೇತಿಯ ಖರ್ಚನ್ನು ನಿಮ್ಮಿಂದ ಕೇಳಬಹುದು. ಹಾಗಾಗಿ ಹೇಳದೆ ಕೇಳದೆ ಬಿಟ್ಟು ಹೋಗಬೇಡಿ.

ಕರಾರಿನ ನಂಬರ್ ಬಂತಾ? ಪಿಡಿಎಫ್ ಇಳಿಸಿ, ಪ್ರಿಂಟ್ ತೆಗೆದು ಮನೆಯಲ್ಲಿ ಇಡಿ. ಕೆಲಸದ ಮೊದಲ ದಿನ ಇದಾದ ಮೇಲೆ. "ಪೋರ್ಟಲ್ ಬಂದ್ ಐತಿ, ನೀ ಬಾ, ಆಮ್ಯಾಲೆ ಮಾಡೋಣ" ಅಂದರೆ ಒಂದು ವಾರ ಕಾಯಿರಿ. ನಂಬರ್ ಬರುವ ಮೊದಲು ಮಾಡಿದ ತಿಂಗಳುಗಳು ಸರ್ಟಿಫಿಕೇಟಿನ ಲೆಕ್ಕಕ್ಕೆ ಬರುವುದಿಲ್ಲ.

## ಹಂತ 6: ಮೊದಲ ಹದಿನೈದು ದಿನ

ಮೊದಲ ವಾರ ಎಲ್ಲವೂ ಗದ್ದಲ ಅನಿಸುತ್ತದೆ. ಒಬ್ಬರು ವೋಚರ್ ಅಂತಾರೆ, ಒಬ್ಬರು ಚಲನ್ ಅಂತಾರೆ, ಹಿರಿಯ ಗುಮಾಸ್ತರು ಕಿರ್ದಿ, ಖತಾವಣಿ, ಉದ್ರಿ (ಸಾಲದ ವ್ಯಾಪಾರ), ರೋಖ (ನಗದು) ಅಂತಾರೆ. ಕಾಲೇಜಿನಲ್ಲಿ ಜರ್ನಲ್, ಲೆಡ್ಜರ್ ಎಂದು ಓದಿದ್ದೇ ಇದು. ಕೇಳಿದ ಪದಗಳನ್ನು ಎರಡು ಕಾಲಂ ಮಾಡಿ ಬರೆದುಕೊಳ್ಳಿ: ಈ ಆಫೀಸಿನ ಮಾತು ಒಂದು ಕಡೆ, ಪುಸ್ತಕದ ಮಾತು ಇನ್ನೊಂದು ಕಡೆ. ಹತ್ತು ದಿನದಲ್ಲಿ ಗದ್ದಲ ಕಡಿಮೆಯಾಗುತ್ತದೆ.

ನೋಟ್‌ಬುಕ್‌ನಲ್ಲಿ ದಿನಕ್ಕೆ ಐದು ಸಾಲು ಬರೆಯಿರಿ. ತಾರೀಖು, ಮಾಡಿದ ಕೆಲಸ, ಯಾರು ಹೇಳಿಕೊಟ್ಟರು, ಎಲ್ಲಿ ತಪ್ಪಿತು, ಹೇಗೆ ಸರಿಯಾಯಿತು. ಶನಿವಾರ ಸಂಜೆ ನಿಮಗೆ ಕಲಿಸುವವರಿಗೆ ತೋರಿಸಿ ಒಂದು ಸಣ್ಣ ಸಹಿ ಕೇಳಿ. ಮೊದಲ ಸಲ ಮುಜುಗರ ಅನಿಸುತ್ತದೆ. ನಾನು ಕೇಳಿದಾಗ ನಮ್ಮ ಹಿರಿಯ ಅಕೌಂಟೆಂಟ್ ಅಕ್ಕ ಪುಟ ತಿರುಗಿಸಿ, "ಇದನ್ನ ಹಿಂಗ ಬರದಿಯಲ್ಲ, ಹಂಗಾರ ನಾಳೆ ಬ್ಯಾಂಕ್ ಟ್ಯಾಲಿ ನೀನ ಮಾಡು" ಅಂದರು. ನಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕಕ್ಕೆ ತಾಳೆ ನೋಡುವ ಕೆಲಸ ಅದು. ಅಲ್ಲಿಯವರೆಗೆ ನನಗೆ ಫೈಲಿಂಗ್ ಮಾತ್ರ ಕೊಟ್ಟಿದ್ದರು.

ಚಹಾ ತರುವುದು, ಫೈಲ್ ಜೋಡಿಸುವುದು ಎಲ್ಲ ಹೊಸಬರೂ ಮಾಡುವ ಕೆಲಸ. ಅದಕ್ಕೆ ಬೇಜಾರು ಬೇಡ. ಆದರೆ ಮೂರನೇ ವಾರ ಮುಗಿದರೂ ನೋಟ್‌ಬುಕ್‌ನಲ್ಲಿ ಅದೇ ಇದ್ದರೆ, ಆ ಪುಟಗಳನ್ನೇ ತೋರಿಸಿ ಬೇರೆ ಕೆಲಸ ಕೇಳಿ.

## ಹಂತ 7: ಒಂದು ಬಿಲ್ಲಿನ ಬೆನ್ನು ಹತ್ತಿ

ನನ್ನ ಪ್ರಕಾರ ಇಡೀ ಅಪ್ರೆಂಟಿಸ್‌ಶಿಪ್‌ನಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಹೊಸಬರು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಕೀ ಒತ್ತುವುದನ್ನು ಬೇಗ ಕಲಿಯುತ್ತಾರೆ. ಆ ಕೀಯ ಹಿಂದೆ ಮಾಲು, ಗಾಡಿ, ಮನುಷ್ಯರು ಇದ್ದಾರೆ ಅನ್ನುವುದು ಕಾಣುವುದಿಲ್ಲ. ಆದ್ದರಿಂದ ಒಂದೇ ಬಿಲ್ ಆರಿಸಿಕೊಳ್ಳಿ. ಅದು ಹುಟ್ಟಿದಲ್ಲಿಂದ ದುಡ್ಡು ಬ್ಯಾಂಕಿಗೆ ಬೀಳುವವರೆಗೆ ಅದರ ಹಿಂದೆ ಹೋಗಿ.

ಮೊದಲು ಆರ್ಡರ್. ಲಕ್ಷ್ಮೇಶ್ವರದ ಅಂಗಡಿಯವರು ಫೋನಿನಲ್ಲಿ ಹೇಳಿದ್ದು ಚೀಟಿಗೆ ಹೇಗೆ ಇಳಿಯುತ್ತದೆ ನೋಡಿ. ಡಜನ್ನೋ ಬಾಕ್ಸೋ ಎಂದು ತಿರುಗಿ ಕೇಳದೆ ಬರೆದರೆ ತಪ್ಪು ಇಲ್ಲಿಂದಲೇ ಶುರು.

ಆಮೇಲೆ ಬಿಲ್. ಗಿರಾಕಿಯ ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ ಮತ್ತು ಅಂಕಿ ಇರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ಮಹಾರಾಷ್ಟ್ರ 27, ಗೋವಾ 30. ನಮ್ಮಿಂದ ಕೊಲ್ಹಾಪುರಕ್ಕೂ ಗೋವಾಕ್ಕೂ ಮಾಲು ಹೋಗುವುದರಿಂದ ಈ ಎರಡು ಅಂಕಿ ಬಹಳ ಮುಖ್ಯ. ರಾಜ್ಯದ ಒಳಗಾದರೆ ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ಎಸ್‌ಜಿಎಸ್‌ಟಿ (ರಾಜ್ಯದ ಪಾಲು), ಹೊರಗಾದರೆ ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ). ಹೊಸಬರು ಮಾಡುವ ಸಾಮಾನ್ಯ ತಪ್ಪು ಇದೇ. ಒಟ್ಟು ತೆರಿಗೆ ಎರಡರಲ್ಲೂ ಒಂದೇ ಬರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ರಿಟರ್ನ್ (ಸರ್ಕಾರಕ್ಕೆ ಕೊಡುವ ತೆರಿಗೆಯ ಲೆಕ್ಕ) ಹಾಕುವಾಗ ಸಿಕ್ಕಿಬೀಳುತ್ತದೆ.

ಬಿಲ್ ಆದ ಮೇಲೆ ಗೋಡೌನಿಗೆ ಹೋಗಿ. ಹಮಾಲರ ಜೊತೆ ನಿಂತು ಎಣಿಸಿ. ಅವರನ್ನು ಅಣ್ಣಾರ, ಕಾಕಾರ ಎಂದು ಮಾತಾಡಿಸಿ. ಯಾವ ಮಾಲು ಎಷ್ಟು ದಿನದಿಂದ ಬಿದ್ದಿದೆ ಅನ್ನುವುದು ಕಂಪ್ಯೂಟರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ದಾಖಲೆ) ಬೇಕು. ಅದರಲ್ಲಿ ಗಾಡಿ ನಂಬರ್ ತಪ್ಪಾದರೆ ದಾರಿಯಲ್ಲಿ ಲಾರಿ ನಿಲ್ಲುತ್ತದೆ. ಟ್ರಾನ್ಸ್‌ಪೋರ್ಟಿನವರು ಕೊಡುವ ಎಲ್‌ಆರ್ (ಮಾಲು ಒಪ್ಪಿಕೊಂಡ ರಸೀದಿ) ಪ್ರತಿಯನ್ನು ಬಿಲ್ಲಿಗೆ ಪಿನ್ ಮಾಡಿ.

ಕೊನೆಗೆ ವಸೂಲಿ. ಉದ್ರಿ ಎಷ್ಟು ದಿನದ್ದು, ಯಾರು ನೆನಪು ಮಾಡುತ್ತಾರೆ, ದುಡ್ಡು ಯುಪಿಐಯಲ್ಲಿ ಬಂದರೆ ಯಾವ ಬಿಲ್ಲಿಗೆ ಹಾಕಬೇಕು ಎಂದು ನೋಡಿ. ಯಾವ ಬಿಲ್ಲಿನದು ಎಂದು ತಿಳಿಯದಿದ್ದರೆ ಗಿರಾಕಿಗೆ ಫೋನ್ ಮಾಡಿ ಕೇಳಿ, ಅಂದಾಜಿನ ಮೇಲೆ ಹಾಕಬೇಡಿ. ರೋಖ ಬಂದರೆ ಎಣಿಸಿ, ರಸೀದಿ ಹರಿದು, ಅದೇ ಹೊತ್ತಿಗೆ ಕ್ಯಾಷಿಯರ್‌ಗೆ ಕೊಟ್ಟು ಸಹಿ ತೆಗೆದುಕೊಳ್ಳಿ. ಅಪ್ರೆಂಟಿಸ್‌ನ ಜೇಬಿನಲ್ಲಿ ಅಂಗಡಿಯ ದುಡ್ಡು ಒಂದು ರಾತ್ರಿಯೂ ಇರಬಾರದು. ಗಲ್ಲಾಪೆಟ್ಟಿಗೆಯ ಕೀಲಿ ಒಪ್ಪಿಸಿದರೆ, "ಲೆಕ್ಕ ಬರದು ಕೊಡ್ರಿ, ಇಬ್ಬರೂ ಸಹಿ ಮಾಡೋಣ" ಅನ್ನಿ.

ತಪ್ಪಾದರೆ ಮುಚ್ಚಿಡಬೇಡಿ. ನಿನ್ನೆಯ ಎಂಟ್ರಿಯನ್ನು ಇಂದು ಗುಟ್ಟಾಗಿ ತಿದ್ದುವುದು ಎಲ್ಲಕ್ಕಿಂತ ಕೆಟ್ಟದ್ದು. 2023ರ ಏಪ್ರಿಲ್‌ನಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಾಖಲಾಗಬೇಕು ಎಂಬ ನಿಯಮ ಇದೆ. ಯಾರ ಲಾಗಿನ್‌ನಿಂದ ಆಯಿತು ಅನ್ನುವುದೂ ಕಾಣುತ್ತದೆ. ಆದ್ದರಿಂದ ನಿಮ್ಮ ಪಾಸ್‌ವರ್ಡ್ ಗೆಳೆಯನಿಗೂ ಕೊಡಬೇಡಿ. ಬಿಲ್ ಗಿರಾಕಿಗೆ ಹೋದ ಮೇಲೆ ದರ ತಪ್ಪಾಗಿದೆ ಎಂದು ಗೊತ್ತಾದರೆ ಡಿಲೀಟ್ ಮಾಡಬೇಡಿ, ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಡಿಮೆ ಮಾಡುವ ಚೀಟಿ) ಮಾಡಬೇಕೇ ಎಂದು ಮೇಲಿನವರನ್ನು ಕೇಳಿ.

ತಿಂಗಳ ರಿಟರ್ನ್ ಇರುವ ಕಡೆ 11ನೇ ತಾರೀಖು ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ, 20ನೇ ತಾರೀಖು ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ ಕೊನೆಯ ದಿನ. ಆ ದಿನಗಳ ಹಿಂದೆ ಮುಂದೆ ಆಫೀಸಿನಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ನಿಮ್ಮ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು 21ಕ್ಕೆ ಕೇಳಿ, ಸಮಾಧಾನದಿಂದ ಹೇಳುತ್ತಾರೆ.

## ಹಂತ 8: ಸ್ಟೈಪೆಂಡ್ ಮತ್ತು ಜಗಳ

ಮೊದಲ ತಿಂಗಳು 7,000 ಬರಬೇಕಿತ್ತು, 5,500 ಬಂತು ಎಂದು ಜಗಳಕ್ಕೆ ಹೋಗುವವರಿದ್ದಾರೆ. ಕಂಪನಿ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಇದ್ದರೆ ಸ್ಟೈಪೆಂಡಿನ 25 ಪರ್ಸೆಂಟ್, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರ ಕೊಡುತ್ತದೆ. ಅದು ಬೇರೆಯಾಗಿ ನೇರ ನಿಮ್ಮ ಖಾತೆಗೆ ಬರುತ್ತದೆ, ಕಂಪನಿಯ ಪಾಲಿನ ನಂತರ ಬರುತ್ತದೆ. ಹಂತ 1ರಲ್ಲಿ ಬ್ಯಾಂಕಿನ ವಿಷಯಕ್ಕೆ ಅಷ್ಟು ಒತ್ತು ಕೊಟ್ಟಿದ್ದು ಇದಕ್ಕೇ. ಪಾಸ್‌ಬುಕ್ ನೋಡಿ, ಎರಡೂ ಪಾಲನ್ನು ಬೇರೆ ಬೇರೆ ಬರೆದುಕೊಳ್ಳಿ.

ಕಂಪನಿಯ ಪಾಲು ಮುಂದಿನ ತಿಂಗಳ 10ನೇ ತಾರೀಖಿನ ಒಳಗೆ ಬರಬೇಕು. ಕೈಯಲ್ಲಿ ರೋಖ ಕೊಡುತ್ತೇವೆ ಅಂದರೆ ಬೇಡ, ಖಾತೆಗೇ ಹಾಕಿ ಅನ್ನಿ. ಎರಡು ತಿಂಗಳು ತಡವಾದರೆ ಇಮೇಲ್‌ನಲ್ಲಿ ಬರೆದು ಕೇಳಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಕರಾರಿನ ತಕರಾರು ಬಗೆಹರಿಸಲು ಅಪ್ರೆಂಟಿಸ್‌ಶಿಪ್ ಸಲಹೆಗಾರರು ಎಂಬ ಅಧಿಕಾರಿ ಇರುತ್ತಾರೆ. ಕೆಲಸದ ಜಾಗದಲ್ಲಿ ಪೆಟ್ಟಾದರೆ ಪರಿಹಾರದ ಹಕ್ಕೂ ನಿಮಗಿದೆ, ಆ ದಿನವೇ ಬರವಣಿಗೆಯಲ್ಲಿ ತಿಳಿಸಿ. ಎಲ್ಲ ಕಡೆ ನಿಮ್ಮನ್ನು ಕಾಯುವುದು ಕರಾರಿನ ನಂಬರ್ ಮತ್ತು ತಾರೀಖು ಬರೆದ ಆ ನೋಟ್‌ಬುಕ್.

## ಹಂತ 9: ಕೊನೆಯ ತಿಂಗಳು

ಮುಗಿಯುವ ತಾರೀಖಿಗೆ 30 ದಿನ ಇರುವಾಗಲೇ ಕೇಳಿ: ಮೌಲ್ಯಮಾಪನ ಯಾವಾಗ, ಎಲ್ಲಿ? ಕರಾರು ಪೂರ್ತಿಯಾಯಿತು ಎಂದು ಪೋರ್ಟಲ್‌ನಲ್ಲಿ ಯಾರು ಗುರುತು ಹಾಕುತ್ತಾರೆ? ಇದನ್ನು ಮರೆತು ಎಚ್‌ಆರ್‌ನವರು ಬೇರೆ ಕಂಪನಿಗೆ ಹೋಗಿಬಿಟ್ಟರೆ ನೀವು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಪ್ರಮಾಣಪತ್ರ ಬಂದ ದಿನವೇ ಇಳಿಸಿ, ಹೆಸರಿನ ಅಕ್ಷರ ಅಂಕಪಟ್ಟಿಗೆ ಹೊಂದುತ್ತದೆಯೇ ನೋಡಿ.

ಕಂಪನಿಯ ಲೆಟರ್‌ಹೆಡ್‌ನಲ್ಲಿ ಬೇರೆಯಾಗಿ ಒಂದು ಅನುಭವ ಪತ್ರ ಕೇಳಿ. "ಇವರು ಒಳ್ಳೆಯವರು" ಎಂಬ ಸಾಲಿನಿಂದ ಮುಂದಿನ ಆಫೀಸಿಗೆ ಏನೂ ತಿಳಿಯುವುದಿಲ್ಲ. ಮಾರಾಟದ ಬಿಲ್, ಇ-ವೇ ಬಿಲ್, ಬ್ಯಾಂಕ್ ತಾಳೆ, ಸ್ಟಾಕ್ ಎಣಿಕೆ ಎಂದು ನೀವು ಮಾಡಿದ ಕೆಲಸಗಳನ್ನು ನೋಟ್‌ಬುಕ್‌ನಿಂದ ತೆಗೆದು ನೀವೇ ಕರಡು ಬರೆದು ಕೊಡಿ. ತಿದ್ದಿ ಸಹಿ ಮಾಡುತ್ತಾರೆ.

ಹೊರಡುವ ದಿನ ಲಾಗಿನ್, ಕೀಲಿ, ಐಡಿ ಕಾರ್ಡ್ ಒಪ್ಪಿಸಿ ಸಹಿ ತೆಗೆದುಕೊಳ್ಳಿ. ನೋಟ್‌ಬುಕ್‌ನಲ್ಲಿ ಗಿರಾಕಿಗಳ ದರ, ಫೋನ್ ನಂಬರ್ ಬರೆದ ಹಾಳೆಗಳಿದ್ದರೆ ಹರಿದು ಅಲ್ಲೇ ಕೊಟ್ಟುಬಿಡಿ, ಅವು ಅಂಗಡಿಯ ಸ್ವತ್ತು. ಕೆಲಸದ ಕ್ರಮ ಮತ್ತು ನಿಮ್ಮ ತಪ್ಪುಗಳನ್ನು ಬರೆದ ಹಾಳೆಗಳನ್ನು ನೀವು ಒಯ್ಯಿರಿ.